ನಿಮಗಿದು ಗೊತ್ತೇ? ಓಟಿನ ಪೆಟ್ಟಿಗೆಯ ಬಲ ಮಗ್ಗುಲಿನ ಸೋಜಿಗಗಳು

ಯುರೋಪಿನಲ್ಲಿ ಚುನಾವಣೆ ಬಂತೆಂದರೆ ಕಟ್ಟಾ ಬಲಪಂಥೀಯ ಪಕ್ಷಗಳದ್ದೇ ಸುದ್ದಿ. ಇವಕ್ಕೆ ಓಟು ಹಾಕುವವರು ಯಾರು? ಯಾಕೆ ಹಾಕುತ್ತಾರೆ? ಸಂಶೋಧಕರು ಇದರ ಬೆನ್ನು ಹತ್ತಿ ದಶಕಗಳೇ ಆದವು. ಅವರ ಕೈಗೆ ಸಿಕ್ಕ ಸಂಗತಿಗಳು ಒಂದಕ್ಕಿಂತ ಒಂದು ವಿಚಿತ್ರ. ಓದುತ್ತಾ ಹೋಗಿ, ಹುಬ್ಬು ತಾನಾಗಿಯೇ ಮೇಲೇರುತ್ತದೆ!

ಮೊದಲಿಗೆ, ಯಾವ ಪಕ್ಷ ಈ ಗುಂಪಿಗೆ ಸೇರುತ್ತದೆ? ನೆದರ್ಲೆಂಡ್ಸ್‌ನ ರಾಜಕೀಯ ತಜ್ಞ ಕಾಸ್ ಮುಡ್ಡೆ 2007ರಲ್ಲಿ ಮೂರು ಗುರುತು ಹೇಳಿದರು. ಒಂದು, ನಾಡು ಮೂಲನಿವಾಸಿಗಳದ್ದು ಮಾತ್ರ ಎಂಬ ಹಟ. ಎರಡು, ಕಟ್ಟುನಿಟ್ಟಿನ ಕಾನೂನು ಬೇಕೆಂಬ ಒತ್ತಾಯ. ಮೂರು, ಜನ ಒಳ್ಳೆಯವರು, ಮೇಲೆ ಕೂತವರೆಲ್ಲ ಭ್ರಷ್ಟರು ಎಂಬ ಪಾಪ್ಯುಲಿಸ್ಟ್ ಮಾತು. ಮೂರೂ ಸೇರಿದರೆ ಲೆಕ್ಕಕ್ಕೆ ಬಂತು. ಇಷ್ಟು ತಿಳಿದರೆ ಸಾಕು, ಇನ್ನು ಸೋಜಿಗಗಳತ್ತ ನಡೆಯೋಣ.

ಎಣಿಕೆಯ ಚಮತ್ಕಾರ

ಅಂಟು ಸರಿಯಾಗಿ ಹಿಡಿಯಲಿಲ್ಲವೆಂದು ಒಂದು ದೇಶದ ಅಧ್ಯಕ್ಷರ ಚುನಾವಣೆಯೇ ಮುಂದಕ್ಕೆ ಹೋಗಿತ್ತು, ಗೊತ್ತೇ? ದೇಶ ಆಸ್ಟ್ರಿಯಾ, ವರ್ಷ 2016. ಮೇ ತಿಂಗಳಲ್ಲಿ ಫ್ರೀಡಂ ಪಾರ್ಟಿಯ ನಾರ್ಬರ್ಟ್ ಹೋಫರ್ ಮತಗಟ್ಟೆಗಳ ಎಣಿಕೆಯಲ್ಲಿ ಮುಂದಿದ್ದರು. ಅಂಚೆ ಮತ ಎಣಿಸಿದ್ದೇ ತಡ, ಎದುರಾಳಿ ಅಲೆಕ್ಸಾಂಡರ್ ಫಾನ್ ಡೆರ್ ಬೆಲೆನ್ ಗೆದ್ದುಬಿಟ್ಟರು. ಅಂತರ ಬರೀ 30,863 ಮತ. ಎಣಿಕೆಯಲ್ಲಿ ನಿಯಮ ಮೀರಿದ್ದಾರೆಂದು ಕೋರ್ಟು ಫಲಿತಾಂಶವನ್ನೇ ರದ್ದು ಮಾಡಿತು. ಅಕ್ಟೋಬರ್ 2ಕ್ಕೆ ಮರುಚುನಾವಣೆ ಗೊತ್ತಾಯಿತು. ಅಷ್ಟರಲ್ಲಿ ಅಂಚೆ ಮತದ ಲಕೋಟೆಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗಿದವು. ಅಂಟೇ ಕಳಪೆ! ಕೊನೆಗೆ ಡಿಸೆಂಬರ್ 4ರಂದು ಮತದಾನ ನಡೆದು ಫಾನ್ ಡೆರ್ ಬೆಲೆನ್ ಶೇ 53.8 ಮತ ಪಡೆದು ಗೆದ್ದರು.

ಅದೇ ಆಸ್ಟ್ರಿಯಾದ ಇನ್ನೊಂದು ಕಥೆ. 1999ರ ಚುನಾವಣೆಯಲ್ಲಿ ಯೋರ್ಗ್ ಹೈಡರ್ ಅವರ ಫ್ರೀಡಂ ಪಾರ್ಟಿ ಎರಡನೇ ಸ್ಥಾನಕ್ಕೆ ಬಂತು. ಮೂರನೇ ಸ್ಥಾನದ ಪೀಪಲ್ಸ್ ಪಾರ್ಟಿಗಿಂತ ಎಷ್ಟು ಮತ ಹೆಚ್ಚು ಗೊತ್ತೇ? ಇಡೀ ದೇಶಕ್ಕೆ 415! ಆದರೆ ಇಬ್ಬರೂ ಕೈಜೋಡಿಸಿ ಸರ್ಕಾರ ಮಾಡಿದಾಗ ಚಾನ್ಸಲರ್ ಕುರ್ಚಿ ಸಿಕ್ಕಿದ್ದು ಮೂರನೆಯವರಿಗೆ.

ಮತ ಅಷ್ಟೇ ಇದ್ದರೂ ಸೀಟು 35ರಿಂದ 1ಕ್ಕೆ ಇಳಿಯಬಹುದೇ? ಫ್ರಾನ್ಸಿನಲ್ಲಿ ಇಳಿದಿದೆ! 1986ರಲ್ಲಿ ಜೀನ್ ಮರಿ ಲೆ ಪೆನ್ ಅವರ ನ್ಯಾಷನಲ್ ಫ್ರಂಟ್‌ಗೆ ಶೇ 9.65 ಮತ, 35 ಸೀಟು. ಆಗ ಮತಕ್ಕೆ ತಕ್ಕಂತೆ ಸೀಟು ಹಂಚುವ ಪದ್ಧತಿಯಿತ್ತು. 1988ಕ್ಕೆ ಕ್ಷೇತ್ರವಾರು ಪದ್ಧತಿ ವಾಪಸಾಯಿತು. ಮತ ಶೇ 9.66, ಅಂದರೆ ಕೂದಲೆಳೆಯಷ್ಟು ಜಾಸ್ತಿಯೇ. ಸೀಟು ಮಾತ್ರ ಒಂದು!

ಬ್ರಿಟನ್ನಿನಲ್ಲಿ 2024ರಲ್ಲಿ ನೈಜಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಶೇ 14.3 ಮತ ಬಾಚಿತು. ಸಿಕ್ಕಿದ್ದು 5 ಸೀಟು. ಅವರಿಗಿಂತ ಕಡಿಮೆ, ಶೇ 12.2 ಮತ ಪಡೆದ ಲಿಬರಲ್ ಡೆಮಾಕ್ರಟರಿಗೆ 72 ಸೀಟು! ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಲೋಕಸಭೆಯ ಪದ್ಧತಿಯೇ ಅಲ್ಲೂ ಇರುವುದು. ಮತ ಒಂದೆಡೆ ಗುಡ್ಡೆ ಬೀಳದೆ ಊರೆಲ್ಲ ಚದುರಿದರೆ ಹೀಗೇ.

ಅಂದಹಾಗೆ, ಫರಾಜ್ ಸಂಸತ್ತಿಗೆ ಏಳು ಬಾರಿ ನಿಂತು ಏಳೂ ಬಾರಿ ಸೋತಿದ್ದರು. ಗೆದ್ದದ್ದು ಎಂಟನೇ ಸಲ, ಅದೇ 2024ರಲ್ಲಿ, ಕ್ಲಾಕ್ಟನ್ ಕ್ಷೇತ್ರದಿಂದ. ಒಮ್ಮೆಯೂ ಬ್ರಿಟಿಷ್ ಸಂಸದರಾಗದೆಯೇ ದೇಶವನ್ನು ಬ್ರೆಕ್ಸಿಟ್, ಅಂದರೆ ಯುರೋಪಿಯನ್ ಒಕ್ಕೂಟ ಬಿಡುವ ಮತದಾನಕ್ಕೆ ನೂಕಿದ ಆಸಾಮಿ!

2002ರ ಏಪ್ರಿಲ್ 21. ಫ್ರಾನ್ಸ್ ಅಧ್ಯಕ್ಷರ ಚುನಾವಣೆಯ ಮೊದಲ ಸುತ್ತು. ಕಣದಲ್ಲಿ 16 ಮಂದಿ. ಎಡಪಂಥೀಯರ ಮತ ಹರಿದು ಹಂಚಿಹೋಗಿ, ಪ್ರಧಾನಿ ಲಿಯೊನೆಲ್ ಜೋಸ್ಪಾ ಅವರನ್ನು ಲೆ ಪೆನ್ ಹಿಂದಿಕ್ಕಿ ಎರಡನೇ ಸುತ್ತಿಗೆ ನುಗ್ಗಿದರು. ಅಂತರ ಎರಡು ಲಕ್ಷ ಮತವೂ ಇಲ್ಲ! ಎರಡನೇ ಸುತ್ತಿನಲ್ಲಿ ಎಡದವರೆಲ್ಲ ಬದ್ಧವೈರಿ ಜಾಕ್ ಶಿರಾಕ್ ಅವರಿಗೇ ಓಟು ಹಾಕಬೇಕಾಯಿತು. 'ಫ್ಯಾಸಿಸ್ಟನಿಗಿಂತ ವಂಚಕನೇ ವಾಸಿ' ಎಂಬರ್ಥದ ಘೋಷಣೆ ಬೀದಿಯಲ್ಲಿ ಮೊಳಗಿತು. ಶಿರಾಕ್‌ಗೆ ಬಿದ್ದದ್ದು ಶೇ 82 ಮತ!

ಹೀಗೂ ಹುಟ್ಟುತ್ತವೆ ಪಕ್ಷಗಳು

ಒಬ್ಬನೇ ಸದಸ್ಯನಿರುವ ಪಕ್ಷ ದೇಶದ ಅತಿ ದೊಡ್ಡ ಪಕ್ಷವಾಗಬಹುದೇ? ನೆದರ್ಲೆಂಡ್ಸ್‌ನಲ್ಲಿ ಆಗಿದೆ! ಗೇರ್ಟ್ ವಿಲ್ಡರ್ಸ್ ಅವರ ಫ್ರೀಡಂ ಪಾರ್ಟಿಗೆ ಅವರೊಬ್ಬರೇ ಸದಸ್ಯರು. 2023ರ ಚುನಾವಣೆಯಲ್ಲಿ 150ರಲ್ಲಿ 37 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂದರು. ಪಕ್ಷದ ಟಿಕೆಟ್ಟಿನಲ್ಲಿ ಗೆದ್ದ ಉಳಿದ ಸಂಸದರು ಆ ಪಕ್ಷದ ಸದಸ್ಯರೇ ಅಲ್ಲ! ಪದಾಧಿಕಾರಿಗಳ ಜಗಳವೇ ಇಲ್ಲ.

ಡೆನ್ಮಾರ್ಕಿನ ವಕೀಲ ಮೊಗೆನ್ಸ್ ಗ್ಲಿಸ್ಟ್ರುಪ್ 1971ರಲ್ಲಿ ಟಿವಿಯಲ್ಲಿ ಕೂತು, ತಾನು ಸೊನ್ನೆ ತೆರಿಗೆ ಕಟ್ಟುತ್ತೇನೆಂದು ರಾಜಾರೋಷವಾಗಿ ಹೇಳಿದರು. ಜನ ಸಿಟ್ಟಾಗಲಿಲ್ಲ, ಮರುಳಾದರು! ಪ್ರೋಗ್ರೆಸ್ ಪಾರ್ಟಿ ಕಟ್ಟಿದರು. 1973ರ ಮೊದಲ ಚುನಾವಣೆಯಲ್ಲೇ 28 ಸೀಟು, ಎರಡನೇ ದೊಡ್ಡ ಪಕ್ಷ. ಅವರ ರಕ್ಷಣಾ ನೀತಿ ಕೇಳಿ. ಸೈನ್ಯ ಬೇಡ, 'ನಾವು ಶರಣಾಗಿದ್ದೇವೆ' ಎಂದು ರಷ್ಯನ್ ಭಾಷೆಯಲ್ಲಿ ಹೇಳುವ ಒಂದು ಆನ್ಸರಿಂಗ್ ಮೆಷಿನ್ ಇದ್ದರೆ ಸಾಕು! ಕೊನೆಗೆ ತೆರಿಗೆ ವಂಚನೆಗೇ ಜೈಲು ಸೇರಿದರು.

ಅದೇ 1973ರಲ್ಲಿ ಪಕ್ಕದ ನಾರ್ವೆಯಲ್ಲೂ ಒಂದು ಪಕ್ಷ ಹುಟ್ಟಿತು. ಹುಟ್ಟಿದ ಜಾಗ ಓಸ್ಲೋದ ಸಿನಿಮಾ ಮಂದಿರ! ಕಟ್ಟಿದವರು ಆಂಡರ್ಸ್ ಲಾಂಗೆ. ಇವರು ಅದಕ್ಕೂ ಮೊದಲು ನಾಯಿಗಳ ಪತ್ರಿಕೆ ನಡೆಸುತ್ತಿದ್ದವರು. ಪಕ್ಷದ ಹೆಸರು ಉಸಿರು ಹಿಡಿದು ಓದಿ: 'ತೆರಿಗೆ, ಸುಂಕ ಮತ್ತು ಸರ್ಕಾರಿ ಹಸ್ತಕ್ಷೇಪಗಳನ್ನು ಬಲವಾಗಿ ತಗ್ಗಿಸಲು ಆಂಡರ್ಸ್ ಲಾಂಗೆ ಪಕ್ಷ'. ಮುಂದೆ ಇದೇ ನಾರ್ವೆಯ ಪ್ರೋಗ್ರೆಸ್ ಪಾರ್ಟಿಯಾಯಿತು. ಈಗ ದೇಶದ ದೊಡ್ಡ ಪಕ್ಷಗಳಲ್ಲೊಂದು!

ಫ್ರಾನ್ಸಿನಲ್ಲಿ ಈ ತೆರಿಗೆ ಸಿಟ್ಟಿನ ಕಿಡಿ ಹೊತ್ತಿಸಿದ್ದು ಒಬ್ಬ ಪುಸ್ತಕ, ಕಾಗದದ ಅಂಗಡಿಯವ. ಹೆಸರು ಪಿಯರ್ ಪೂಜಾದ್. 1953ರಲ್ಲಿ ಸಂ ಸೆರೆ ಎಂಬ ಪುಟ್ಟ ಊರಿಗೆ ತೆರಿಗೆ ಅಧಿಕಾರಿಗಳು ಬಂದಾಗ ಅಂಗಡಿಯವರನ್ನೆಲ್ಲ ಕೂಡಿಸಿ ಅಡ್ಡ ನಿಂತ. ಮೂರೇ ವರ್ಷದಲ್ಲಿ ಅವನ ಗುಂಪಿಗೆ 50ಕ್ಕೂ ಹೆಚ್ಚು ಸಂಸದರು! ಅವರಲ್ಲಿ 27ರ ಹರೆಯದ ಒಬ್ಬ ಯುವಕ. ಅವನೇ ಜೀನ್ ಮರಿ ಲೆ ಪೆನ್.

ಜರ್ಮನಿಯ ಎಎಫ್‌ಡಿ ಬೀದಿ ಹೋರಾಟದಿಂದ ಹುಟ್ಟಿದ್ದೆಂದುಕೊಂಡಿರಾ? ಅಲ್ಲ. 2013ರಲ್ಲಿ ಅದು ಬಂದಾಗ ಜನ 'ಪ್ರೊಫೆಸರುಗಳ ಪಕ್ಷ' ಎಂದು ನಗುತ್ತಿದ್ದರು. ಯೂರೋ ಕರೆನ್ಸಿ ಬೇಡವೆನ್ನುವ ಅರ್ಥಶಾಸ್ತ್ರಜ್ಞರೇ ಮುಂದಾಳುಗಳು. ಆಗ ಶೇ 4.7 ಮತ, ಸಂಸತ್ತಿಗೆ ಬೇಕಾದ ಶೇ 5ಕ್ಕೆ ಸ್ವಲ್ಪದರಲ್ಲಿ ತಪ್ಪಿತು. ಸ್ಥಾಪಕ ಬೆರ್ನ್ಡ್ ಲುಕೆ ಎರಡೇ ವರ್ಷದಲ್ಲಿ ಹೊರನಡೆದರು. 2025ರಲ್ಲಿ ಅದೇ ಪಕ್ಷಕ್ಕೆ ಶೇ 20.8!

ಇಟಲಿಯ ಪ್ರಧಾನಿ ಜಾರ್ಜಿಯಾ ಮೆಲೋನಿ ಅವರ ಪಕ್ಷದ ಹೆಸರು 'ಬ್ರದರ್ಸ್ ಆಫ್ ಇಟಲಿ'. ಅದು ಆ ದೇಶದ ರಾಷ್ಟ್ರಗೀತೆ ಶುರುವಾಗುವ ಪದಗಳೇ! 2018ರಲ್ಲಿ ಶೇ 4ರ ಆಸುಪಾಸು, 2022ರಲ್ಲಿ ಶೇ 26. ಇನ್ನೊಂದು ಸೋಜಿಗ: ಇಟಲಿಯ ಬಲಪಂಥೀಯ ಯುವಕರು 1977ರಲ್ಲಿ ಹಾಡು, ಚರ್ಚೆಗೆಂದು ಶಿಬಿರ ಮಾಡಿದಾಗ ಇಟ್ಟ ಹೆಸರು 'ಹಾಬಿಟ್ ಶಿಬಿರ'. ಟೋಲ್ಕಿನ್ ಕಾದಂಬರಿಯ ಕುಳ್ಳರ ಹೆಸರು!

ಚಿಹ್ನೆ ಬದಲಿಸಿದರೆ ಮುಖವೂ ಬದಲು. ಸ್ವೀಡನ್ ಡೆಮಾಕ್ರಟ್ಸ್ ಪಕ್ಷದ ಗುರುತು ಮೊದಲು ಉರಿಯುವ ಪಂಜು. 2006ರಲ್ಲಿ ಅದನ್ನು ಕೆಳಗಿಟ್ಟು ಒಂದು ಪುಟ್ಟ ನೀಲಿ ಹೂವು ಹಿಡಿದರು! 2022ರ ಹೊತ್ತಿಗೆ ಶೇ 20.5 ಮತ, ದೇಶದ ಎರಡನೇ ದೊಡ್ಡ ಪಕ್ಷ.

ಬೆಲ್ಜಿಯಂನವರದು ಇನ್ನೂ ಚುರುಕು. 2004ರ ನವೆಂಬರ್ 9ರಂದು ಫ್ಲಾಮ್ಸ್ ಬ್ಲಾಕ್ ಪಕ್ಷದ ಅಂಗಸಂಸ್ಥೆಗಳು ಜನಾಂಗದ್ವೇಷ ಕಾನೂನು ಮುರಿದಿವೆ ಎಂಬ ತೀರ್ಪು ಅಂತಿಮವಾಯಿತು. ಐದೇ ದಿನದಲ್ಲಿ ಪಕ್ಷ ಬರಖಾಸ್ತಾಗಿ 'ಫ್ಲಾಮ್ಸ್ ಬೆಲಾಂಗ್' ಎಂಬ ಹೊಸ ಪಕ್ಷ ಸಿದ್ಧ!

ಹೊಸಬರು ಊರಿಗೆ ಬಂದಾಗ

2009ರಲ್ಲಿ ಸ್ವಿಟ್ಜರ್ಲೆಂಡ್ ಜನಮತ ತೆಗೆದು ಮಸೀದಿಯ ಮಿನಾರುಗಳನ್ನು ಕಟ್ಟದಂತೆ ನಿಷೇಧಿಸಿತು. ಶೇ 57.5 ಜನ ಹೂಂ ಎಂದರು. ಆಗ ಇಡೀ ದೇಶದಲ್ಲಿದ್ದ ಮಿನಾರುಗಳೆಷ್ಟು? ನಾಲ್ಕೇ ನಾಲ್ಕು!

ವಲಸಿಗರು ಹೆಚ್ಚಿದ್ದಲ್ಲೇ ಸಿಟ್ಟು ಹೆಚ್ಚು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹತ್ತೂರ ಜನ ತುಂಬಿದ ಲಂಡನ್ 2016ರಲ್ಲಿ ಶೇ 60ರಷ್ಟು ಬ್ರೆಕ್ಸಿಟ್ ಬೇಡವೆಂದಿತು. ಲಿಂಕನ್‌ಶೈರಿನ ಬಾಸ್ಟನ್ ಎಂಬ ಚಿಕ್ಕ ಪಟ್ಟಣ ಶೇ 75.6ರಷ್ಟು ಬೇಕೇ ಬೇಕೆಂದಿತು. ಅಲ್ಲಿಗೆ ತರಕಾರಿ ಹೊಲಗಳ ಕೂಲಿಗೆಂದು ಪೂರ್ವ ಯುರೋಪಿನವರು ಕೆಲವೇ ವರ್ಷಗಳಲ್ಲಿ ದಿಢೀರನೆ ಬಂದಿದ್ದರು. ಎಷ್ಟು ಜನ ಇದ್ದಾರೆ ಎನ್ನುವುದಕ್ಕಿಂತ ಎಷ್ಟು ಬೇಗ ಬಂದರು ಎಂಬುದೇ ಕಣ್ಣಿಗೆ ಹೊಡೆಯುತ್ತದಂತೆ!

ಇನ್ನೊಂದು ಬಾಸ್ಟನ್ ಅಮೆರಿಕದ್ದು. ಅಲ್ಲಿ ಸಂಶೋಧಕ ರಯಾನ್ ಇನೋಸ್ ಒಂದು ಮೋಜಿನ ಪ್ರಯೋಗ ಮಾಡಿದರು. ಬಿಳಿಯರೇ ಹೆಚ್ಚಿರುವ ಉಪನಗರಗಳ ರೈಲು ನಿಲ್ದಾಣಕ್ಕೆ ಸ್ಪ್ಯಾನಿಷ್ ಮಾತಾಡುವ ಇಬ್ಬಿಬ್ಬರನ್ನು ಕಳಿಸಿದರು. ಕೆಲಸ ಏನೂ ಇಲ್ಲ. ದಿನಾ ಅದೇ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದು, ಅದೇ ರೈಲು ಹತ್ತುವುದು, ಅಷ್ಟೇ. ಕೆಲವೇ ದಿನಗಳಲ್ಲಿ ಆ ರೈಲಿನ ಪ್ರಯಾಣಿಕರು ವಲಸೆಯ ವಿಷಯದಲ್ಲಿ ಮೊದಲಿಗಿಂತ ಬಿಗಿಯಾದರು. ಬರೀ ಇಬ್ಬರು ಅಪರಿಚಿತರಿಂದ! ಆದರೆ ಕಥೆ ಮುಗಿದಿಲ್ಲ. ಹತ್ತು ದಿನ ಕಳೆದಲ್ಲಿ ಆ ಬಿಗಿ ಸಡಿಲವಾಗತೊಡಗಿತ್ತು. ಪ್ರಯಾಣಿಕರು ಗುರುತು ಹಿಡಿದು ನಗುತ್ತಿದ್ದಾರೆಂದು ನಿಂತವರೇ ವರದಿ ಮಾಡಿದರು!

2015ರಲ್ಲಿ ನಿರಾಶ್ರಿತರ ಅಲೆ ಎದ್ದಾಗ ಅಪ್ಪರ್ ಆಸ್ಟ್ರಿಯಾ ಪ್ರಾಂತ್ಯದ ಹಳ್ಳಿ ಪಟ್ಟಣಗಳನ್ನು ಇನ್ನೊಬ್ಬ ಸಂಶೋಧಕರು ಅಳೆದು ನೋಡಿದರು. ನಿರಾಶ್ರಿತರು ಬಂದು ಉಳಿದ ಊರುಗಳಲ್ಲಿ ಫ್ರೀಡಂ ಪಾರ್ಟಿಗೆ ಮತ ತಗ್ಗಿತ್ತು. ಅವರು ಬರೀ ಹಾದುಹೋದ ಗಡಿಯೂರುಗಳಲ್ಲಿ ಏರಿತ್ತು! ಉಳಿದವರ ಹೆಸರು ಗೊತ್ತಾಗುತ್ತದೆ. ಹಾದುಹೋದವರದ್ದು ಬರೀ ಗುಂಪು ಕಾಣುತ್ತದೆ.

ಅದೇ ವರ್ಷ ಗ್ರೀಸಿನ ದ್ವೀಪಗಳಲ್ಲೂ ಹಾಗೇ ಆಯಿತು. ಟರ್ಕಿ ತೀರಕ್ಕೆ ಹತ್ತಿರವಿದ್ದ ದ್ವೀಪಗಳಿಗೆ ದೋಣಿಗಳು ಹೆಚ್ಚು ಬಂದವು, ದೂರದವಕ್ಕೆ ಬರಲಿಲ್ಲ. ಬಂದವರಲ್ಲಿ ಬಹುಪಾಲು ಜನ ಕೆಲ ದಿನಗಳಲ್ಲೇ ಮುಂದಕ್ಕೆ ಹೊರಟರು. ಆದರೂ ಆ ದ್ವೀಪಗಳಲ್ಲಿ ಕಟ್ಟಾ ಬಲಪಂಥೀಯ ಗೋಲ್ಡನ್ ಡಾನ್ ಪಕ್ಷದ ಮತ ಎರಡು ಶೇಕಡಾ ಅಂಶದಷ್ಟು ಹೆಚ್ಚಿತು. ಭೂಪಟದ ಅಂತರವೇ ಪ್ರಯೋಗಶಾಲೆ!

ನಿಮ್ಮ ದೇಶದಲ್ಲಿ ವಲಸಿಗರು ನೂರಕ್ಕೆ ಎಷ್ಟು? ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಸ್ವೀಡನ್ ಜನರಿಗೆ ಸಂಶೋಧಕರು ಈ ಪ್ರಶ್ನೆ ಕೇಳಿದರು. ಆರೂ ದೇಶದವರು ನಿಜಕ್ಕಿಂತ ಎಷ್ಟೋ ಜಾಸ್ತಿ ಹೇಳಿದರು. ಒಂದು ದೇಶವೂ ಪಾಸಾಗಲಿಲ್ಲ!

ವಲಸೆಯ ವಿರುದ್ಧ ಗುಡುಗುವ ಪಕ್ಷಕ್ಕೆ ವಲಸೆ ಹೋದವರೇ ಓಟು ಹಾಕಿದರೆ? ಪೋರ್ಚುಗಲ್ಲಿನ ಶೇಗಾ ಪಕ್ಷ ಹುಟ್ಟಿದ್ದು 2019ರಲ್ಲಿ. ಕಟ್ಟಿದ ಆಂಡ್ರೆ ವೆಂಚುರಾ ಟಿವಿಯಲ್ಲಿ ಫುಟ್ಬಾಲ್ ಚರ್ಚೆ ಮಾಡುತ್ತಿದ್ದವರು. ಸೀಟು ಏರಿದ ಬಗೆ ನೋಡಿ: 1, 12, 50, 60! 2025ರಲ್ಲಿ ಅದನ್ನು ಎರಡನೇ ಸ್ಥಾನಕ್ಕೆ ಏರಿಸಿದ್ದು ಹೊರದೇಶಗಳಿಗೆ ದುಡಿಯಲು ಹೋದ ಪೋರ್ಚುಗೀಸರ ಮತ. ಅವರಿಗಿರುವ ನಾಲ್ಕು ಸೀಟಿನಲ್ಲಿ ಎರಡು ಶೇಗಾ ಪಾಲು!

ಮೂಗು, ಮನಸ್ಸು, ಮಗು

ಮಕ್ಕಳಲ್ಲಿ ಯಾವ ಗುಣ ಮುಖ್ಯ? ಹಿರಿಯರಿಗೆ ಗೌರವವೋ, ಸ್ವತಂತ್ರ ಬುದ್ಧಿಯೋ? ಹೇಳಿದ ಮಾತು ಕೇಳುವುದೋ, ತನ್ನ ಕಾಲ ಮೇಲೆ ನಿಲ್ಲುವುದೋ? ಒಳ್ಳೆಯ ನಡತೆಯೋ, ಕುತೂಹಲವೋ? ಶಿಸ್ತೋ, ಪರರ ಬಗ್ಗೆ ಕಾಳಜಿಯೋ? ಮನಸ್ಸಿನಲ್ಲೇ ಉತ್ತರಿಸಿ. ಅಮೆರಿಕದಲ್ಲಿ ಸಂಶೋಧಕರು ಈ ನಾಲ್ಕೇ ಪ್ರಶ್ನೆಗಳಿಂದ ಕಟ್ಟುನಿಟ್ಟಿನ ಅಧಿಕಾರದತ್ತ ಜನರ ಒಲವು ಅಳೆಯುತ್ತಾರೆ. ರಾಜಕೀಯದ ಒಂದು ಮಾತೂ ಇಲ್ಲ! 2016ರಲ್ಲಿ ಮ್ಯಾಥ್ಯೂ ಮ್ಯಾಕ್‌ವಿಲಿಯಮ್ಸ್ ಇವನ್ನೇ ಕೇಳಿ, ರಿಪಬ್ಲಿಕನ್ನರಲ್ಲಿ ಡೊನಾಲ್ಡ್ ಟ್ರಂಪ್ ಬೆಂಬಲಿಗರು ಯಾರೆಂದು ಊಹಿಸಿದರು. ಆದಾಯ, ವಯಸ್ಸಿಗಿಂತ ಇದೇ ಚೆನ್ನಾಗಿ ಗುರುತು ಹಚ್ಚಿತು!

ಬೆವರಿನ ವಾಸನೆಗೆ ಮೂಗು ಮುರಿಯುತ್ತೀರಾ? 2018ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದವರ ಜತೆ ಸೇರಿ ನಡೆಸಿದ ಅಧ್ಯಯನವೊಂದು ಹೊರಬಂತು. ಮೈವಾಸನೆಗೆ ಹೆಚ್ಚು ಹೇಸುವವರು ಕಟ್ಟುನಿಟ್ಟಿನ ನಾಯಕತ್ವವನ್ನು ಸ್ವಲ್ಪ ಹೆಚ್ಚೇ ಮೆಚ್ಚುತ್ತಾರಂತೆ. ಟ್ರಂಪ್ ಬೆಂಬಲಕ್ಕೂ ಇದಕ್ಕೂ ಎಳೆ ಕಂಡಿತು. ನಂಟು ಸಣ್ಣದೇ, ಆದರೆ ಇದೆಯಲ್ಲ!

ಎಲ್ಲರ ಜತೆ ಹೊಂದಿಕೊಂಡು ಹೋಗುವ ಸ್ವಭಾವವೇ ನಿಮ್ಮದು? ಹಾಗಿದ್ದರೆ ಪಾಪ್ಯುಲಿಸ್ಟ್ ಪಕ್ಷಗಳತ್ತ ವಾಲುವ ಸಂಭವ ಕಡಿಮೆ. ಅಮೆರಿಕ, ನೆದರ್ಲೆಂಡ್ಸ್, ಜರ್ಮನಿ ಮೂರರಲ್ಲೂ ಜಗಳಗಂಟ ಸ್ವಭಾವದವರೇ ಅತ್ತ ಹೆಚ್ಚು ವಾಲಿದ್ದು 2016ರ ಅಧ್ಯಯನದಲ್ಲಿ ಕಂಡಿತು.

ಈ ಪಕ್ಷಗಳಿಗೆ ಹೆಂಗಸರಿಗಿಂತ ಗಂಡಸರ ಓಟೇ ಹೆಚ್ಚು ಎಂಬುದು ಹಳೆಯ ಸಂಶೋಧನೆ. ಆದರೆ ಮುಂದಾಳುಗಳನ್ನು ನೋಡಿ! ಡೆನ್ಮಾರ್ಕಿನಲ್ಲಿ ಪಿಯಾ ಕೇರ್ಸ್‌ಗೋರ್, ಫ್ರಾನ್ಸಿನಲ್ಲಿ ಮರೀನ್ ಲೆ ಪೆನ್, ನಾರ್ವೆಯಲ್ಲಿ ಸಿವ್ ಯೆನ್ಸೆನ್, ಇಟಲಿಯಲ್ಲಿ ಮೆಲೋನಿ, ಜರ್ಮನಿಯಲ್ಲಿ ಆಲಿಸ್ ವೈಡೆಲ್. ಮರೀನ್ ಬಂದ ಮೇಲೆ 2012ರಲ್ಲಿ ಫ್ರಾನ್ಸಿನಲ್ಲಿ ಹೆಣ್ಣು ಗಂಡು ಓಟಿನ ಅಂತರವೇ ಕರಗಿತ್ತು ಎಂದು ನೊನ್ನಾ ಮೇಯರ್ ತೋರಿಸಿದರು. 2015ರಲ್ಲಿ ಮಗಳ ಪಕ್ಷ ಹೊರಹಾಕಿದ್ದು ಯಾರನ್ನು? ಪಕ್ಷ ಕಟ್ಟಿದ ಅಪ್ಪನನ್ನೇ!

ಪಬ್ಬು, ಕಾರು, ಬ್ಯಾಂಕು

ಊರಿನ ಪಬ್ ಮುಚ್ಚಿದರೆ ಓಟು ಬದಲಾಗುತ್ತದೆಯೇ? ಬ್ರಿಟನ್ನಿನಲ್ಲಿ ಡಯಾನ್ ಬೋಲೆ ಇದನ್ನೇ ಲೆಕ್ಕ ಹಾಕಿದರು. ಪಬ್ಬುಗಳು ಮುಚ್ಚಿದ ಕಡೆ ಕಟ್ಟಾ ಬಲಪಂಥೀಯ ಯುಕಿಪ್ ಪಕ್ಷಕ್ಕೆ ಬೆಂಬಲ ಏರಿತ್ತು! ಕುಡಿಯಲು ಜಾಗವಿಲ್ಲ ಎಂಬ ಕೋಪವಲ್ಲ ಇದು. ನಾಲ್ಕು ಜನ ಸೇರುವ ಕಟ್ಟೆಯೇ ಹೋಯಿತಲ್ಲ ಎಂಬ ಕೊರಗು.

ಇಟಲಿ 2010ರಲ್ಲಿ 5,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ, ಸೇವೆಗಳನ್ನು ಅಕ್ಕಪಕ್ಕದವರ ಜತೆ ಹಂಚಿಕೊಳ್ಳಿ ಎಂದಿತು. ಕಚೇರಿ ಕೆಲಸ ದೂರವಾಯಿತು. ಗೆರೆಯ ಆಚೆಗಿದ್ದ ಊರುಗಳಿಗಿಂತ ಈ ಊರುಗಳಲ್ಲಿ ಕಟ್ಟಾ ಬಲಪಂಥೀಯರಿಗೆ ಮತ ಹೆಚ್ಚಿತು. ಒಂದು ಸರ್ಕಾರಿ ಆದೇಶ, ಇಷ್ಟು ದೂರದ ಪರಿಣಾಮ!

2019ರಲ್ಲಿ ಮಿಲಾನ್ ನಗರ ಹೆಚ್ಚು ಹೊಗೆಯುಗುಳುವ ಹಳೆಯ ಕಾರುಗಳಿಗೆ 'ಏರಿಯಾ ಬಿ' ಎಂಬ ದೊಡ್ಡ ವಲಯದೊಳಗೆ ಪ್ರವೇಶ ನಿಲ್ಲಿಸಿತು. ನಿಷೇಧಕ್ಕೆ ಸಿಕ್ಕ ಕಾರಿನ ಮಾಲೀಕರು ಕಟ್ಟಾ ಬಲಪಂಥೀಯ ಲೀಗಾ ಪಕ್ಷದತ್ತ ವಾಲಿದರು. ಹಾಗಾದರೆ ಅವರೆಲ್ಲ ಪರಿಸರದ ವೈರಿಗಳೇ? ಅಲ್ಲ! ಪರಿಸರದ ಬಗ್ಗೆ ಅವರ ಕಾಳಜಿ ಹಾಗೇ ಇತ್ತು. ನಷ್ಟವೆಲ್ಲ ನಮ್ಮ ತಲೆಗೇಕೆ ಎಂಬುದಷ್ಟೇ ಅವರ ತಕರಾರು. ಪರಿಹಾರದ ಹಣ ಸಿಕ್ಕಿದವರು ಹಾಗೆ ವಾಲಲೇ ಇಲ್ಲ!

ಚೀನಾದ ಕಾರ್ಖಾನೆಗೂ ಯುರೋಪಿನ ಓಟಿಗೂ ನಂಟಿದೆ. ಕೊಲಾಂಟೋನೆ ಮತ್ತು ಸ್ಟಾನಿಗ್ ಎಂಬಿಬ್ಬರು ಪಶ್ಚಿಮ ಯುರೋಪಿನ 15 ದೇಶ ಜಾಲಾಡಿದರು. ಚೀನಾ ಸರಕಿನ ಪೈಪೋಟಿಗೆ ಹೆಚ್ಚು ಸಿಕ್ಕ ಪ್ರದೇಶಗಳು ಕಟ್ಟಾ ರಾಷ್ಟ್ರವಾದಿ ಪಕ್ಷಗಳತ್ತ ಹೊರಳಿದ್ದವು!

ಬ್ಯಾಂಕು ಮುಳುಗಿದರೆ ಯಾರಿಗೆ ಲಾಭ? ಮೂವರು ಜರ್ಮನ್ ಅರ್ಥಶಾಸ್ತ್ರಜ್ಞರು 1870ರಿಂದ 2014ರವರೆಗಿನ 800ಕ್ಕೂ ಹೆಚ್ಚು ಚುನಾವಣೆ ಎಣಿಸಿದರು. ಹಣಕಾಸು ಬಿಕ್ಕಟ್ಟಿನ ಬೆನ್ನಿಗೆ ಕಟ್ಟಾ ಬಲಪಂಥೀಯರ ಮತ ಸರಾಸರಿ ಶೇ 30ರಷ್ಟು ಹಿಗ್ಗಿತ್ತು. ಮಾಮೂಲಿ ಆರ್ಥಿಕ ಹಿಂಜರಿತದಲ್ಲಿ ಹಾಗಾಗಿರಲಿಲ್ಲ. ಬರೀ ಬಡತನವಲ್ಲ, ಬ್ಯಾಂಕು ಮುಳುಗುವುದೇ ಬೇರೆ!

ಹಳೆಯ ಕಾಲದ ನೆರಳು

ಭಜನೆ ಮಂಡಳಿಯಂಥ ಗಾಯನ ಸಂಘ, ಪ್ರಾಣಿ ಸಾಕುವವರ ಕೂಟ, ಬೌಲಿಂಗ್ ಆಟದ ಬಳಗ. ಇವು ಹೆಚ್ಚಿದ್ದರೆ ಊರು ಒಳ್ಳೆಯದು ಎನ್ನುತ್ತೇವೆ. 1920ರ ದಶಕದ ಜರ್ಮನಿಯಲ್ಲಿ ಇಂಥ ಸಂಘಗಳು ಹೆಚ್ಚಿದ್ದ ಊರುಗಳಲ್ಲೇ ನಾಜಿ ಪಕ್ಷಕ್ಕೆ ಸದಸ್ಯರು ಬೇಗ ಸೇರಿದ್ದರು! ಪಬ್ ಮುಚ್ಚಿದರೂ ಕಷ್ಟ, ಸಂಘ ಹೆಚ್ಚಿದರೂ ಕಷ್ಟ ಎಂದಿರಾ? ಸಂಶೋಧಕರೂ ತಲೆ ಕೆರೆದುಕೊಂಡರು. ಸರ್ಕಾರ ಗಟ್ಟಿಯಾಗಿದ್ದ ಪ್ರಶ್ಯಾ ಪ್ರಾಂತ್ಯದಲ್ಲಿ ಈ ಪರಿಣಾಮ ಕಡಿಮೆಯಿತ್ತಂತೆ.

ರೇಡಿಯೋ ಹಿಟ್ಲರನಿಗೆ ಮೊದಲಿನಿಂದಲೂ ನೆರವಾಯಿತೆಂದು ನಂಬಿದ್ದೀರಾ? ತಪ್ಪು! 1933ಕ್ಕೆ ಮೊದಲು ರೇಡಿಯೋ ಇದ್ದದ್ದು ಅವನ ವಿರೋಧಿಗಳ ಕೈಯಲ್ಲಿ. ಆಗ ಅದು ಕೇಳಿಸುತ್ತಿದ್ದ ಕಡೆ ನಾಜಿಗಳ ಮತ ಏರುವುದು ನಿಧಾನವಾಗಿತ್ತು. ಅಧಿಕಾರ ಹಿಡಿದ ಕೆಲವೇ ವಾರಗಳಲ್ಲಿ ಅದೇ ಪೆಟ್ಟಿಗೆ ಅವನ ತುತ್ತೂರಿಯಾಯಿತು.

ಜರ್ಮನಿಯಲ್ಲಿ 1933ರಲ್ಲಿ ನಾಜಿಗಳಿಗೆ ಹೆಚ್ಚು ಮತ ಹಾಕಿದ ಊರುಗಳು ಈಗ ಎಎಫ್‌ಡಿಗೂ ಹೆಚ್ಚು ಹಾಕುತ್ತವೆಯೇ? 2013ರಲ್ಲಿ, ಅದು ಪ್ರೊಫೆಸರುಗಳ ಪಕ್ಷವಾಗಿದ್ದಾಗ, ಇಲ್ಲ. 2015ರಲ್ಲಿ ಪಕ್ಷ ಬಲಕ್ಕೆ ಹೊರಳಿದ ಮೇಲೆ, ಹೌದು! ಎಂಬತ್ತು ವರ್ಷ ನಿದ್ದೆ ಹೊಡೆದದ್ದು ಎದ್ದು ಕೂತಂತೆ.

ಇಟಲಿಯ ಬೆಟ್ಟಗುಡ್ಡಗಳಿಂದಾಗಿ ಉದ್ಯಮಿ ಬೆರ್ಲುಸ್ಕೋನಿಯ ಖಾಸಗಿ ಟಿವಿ 1980ರ ದಶಕದಲ್ಲಿ ಕೆಲವು ಊರಿಗೆ ಮೊದಲೇ ಸಿಕ್ಕಿತು, ಕೆಲವಕ್ಕೆ ತಡವಾಗಿ. ಅದರಲ್ಲಿ ಸುದ್ದಿಯಿಲ್ಲ, ರಾಜಕೀಯವಿಲ್ಲ. ಬರೀ ಧಾರಾವಾಹಿ, ಕಾರ್ಟೂನು, ಆಟ. 1994ರಲ್ಲಿ ಬೆರ್ಲುಸ್ಕೋನಿ ಚುನಾವಣೆಗೆ ನಿಂತಾಗ ಮೊದಲು ಟಿವಿ ಸಿಕ್ಕ ಊರುಗಳೇ ಹೆಚ್ಚು ಓಟು ಕೊಟ್ಟವು! ಕಾರ್ಟೂನು ನೋಡಿ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಪಾಪ್ಯುಲಿಸ್ಟ್ ಮಾತಿಗೆ ಬೇಗ ಒಲಿದರು.

ಕೊನೆಯ ಮೂರು ಪಟಾಕಿ

ಇದೆಲ್ಲ ಬರೀ ಸಿಟ್ಟಿನ ಓಟೇ? ನೆದರ್ಲೆಂಡ್ಸ್‌ನ ಮೂವರು ಸಂಶೋಧಕರು 2000ದಲ್ಲೇ ಇಲ್ಲ ಎಂದರು. ಬೇರೆ ಪಕ್ಷಗಳ ಮತದಾರರಂತೆ ಈ ಪಕ್ಷಗಳ ಮತದಾರರೂ ಬಹುಮಟ್ಟಿಗೆ ನೀತಿ ನೋಡಿಯೇ ಓಟು ಹಾಕುತ್ತಾರೆ. ವಲಸೆ ತಗ್ಗಬೇಕು ಎಂದವರು ಅದನ್ನೇ ಹೇಳುವ ಪಕ್ಷ ಆರಿಸಿಕೊಂಡರು, ಅಷ್ಟೇ!

ಹಾಗಾದರೆ ಹಳೆಯ ಪಕ್ಷಗಳೂ ಅದೇ ರಾಗ ಹಾಡಿದರೆ ಓಟು ವಾಪಸು ಬರುತ್ತದೆಯೇ? ಪಶ್ಚಿಮ ಯುರೋಪಿನ ಹಲವು ದಶಕಗಳ ಚುನಾವಣೆ ಜಾಲಾಡಿ 2023ರಲ್ಲಿ ಪ್ರಕಟವಾದ ಸಂಶೋಧನೆ, ಅದಕ್ಕೆ ಪುರಾವೆಯೇ ಇಲ್ಲ ಎಂದಿತು. ಅಸಲಿ ಅಂಗಡಿ ತೆರೆದಿರುವಾಗ ನಕಲಿಯತ್ತ ಯಾರು ಹೋಗುತ್ತಾರೆ!

ಸರಿ, ಸುಳ್ಳನ್ನು ಸುಳ್ಳೆಂದು ತೋರಿಸಿದರೆ? 2017ರ ಫ್ರಾನ್ಸ್ ಚುನಾವಣೆಯ ಹೊತ್ತಿಗೆ ಪ್ಯಾರಿಸ್ಸಿನ ಅರ್ಥಶಾಸ್ತ್ರಜ್ಞರು ಇದನ್ನೂ ಮಾಡಿ ನೋಡಿದರು. ಒಂದು ಗುಂಪಿಗೆ ವಲಸೆಯ ಬಗ್ಗೆ ಮರೀನ್ ಲೆ ಪೆನ್ ಹೇಳಿದ ದಾರಿ ತಪ್ಪಿಸುವ ಮಾತು ಓದಿಸಿದರು. ಇನ್ನೊಂದಕ್ಕೆ ಬರೀ ಸರಿಯಾದ ಅಂಕಿ ಅಂಶ. ಮೂರನೆಯದಕ್ಕೆ ಎರಡೂ. ಸರಿ ಅಂಕಿ ಓದಿದವರು ನಂಬಿದರು, ಪ್ರಶ್ನೆಗೆ ಸರಿಯುತ್ತರವನ್ನೂ ಕೊಟ್ಟರು. ಆಮೇಲೆ ಓಟು ಯಾರಿಗೆ ಎಂದರೆ? ಲೆ ಪೆನ್ ಬೆಂಬಲ ಕಿಂಚಿತ್ತೂ ತಗ್ಗಲಿಲ್ಲ. ಅಂಕಿ ಸರಿಯಾಯಿತು, ಓಟು ಸರಿಯಲಿಲ್ಲ!